ಕಾಕಾ ಹಾಕಿದ ಮೆಸೇಜಿಗೆ ನನ್ನ ಮಾತು

ಕಾಕಾ, ನಮಸ್ಕಾರ. ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ಮೆಸೇಜ್ ಈಗ ನೋಡಿದೆ. 'ಹೊರದೇಶದ ನಿರಾಶ್ರಿತರಿಗೆ ಕೋಟಿಗಟ್ಟಲೆ ಕೊಡ್ತಾರೆ, ನಮ್ಮ ಅತಿಥಿ ಶಿಕ್ಷಕರಿಗೆ ಕೊಡೋಕೆ ದುಡ್ಡಿಲ್ಲ' ಅಂತ ಇದೆಯಲ್ಲ, ಅದು. ನೀವು ನಮ್ಮ ವೈನಿಯನ್ನು ನೆನೆಸಿಕೊಂಡೇ ಹಾಕಿದ್ದೀರಿ, ಗೊತ್ತು. ಇಂಡಿ ತಾಲ್ಲೂಕಿನ ಶಾಲೆಯಲ್ಲಿ ಅವರು ಅತಿಥಿ ಶಿಕ್ಷಕಿ, ಕಾಯಂ ಶಿಕ್ಷಕರಷ್ಟೇ ಪಾಠ ಮಾಡುತ್ತಾರೆ. ಗೌರವಧನ ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ನೋಡಿದರೆ ಸಂಕಟ ಆಗುತ್ತದೆ.

ಆದರೆ ಕಾಕಾ, ಆ ದುಡ್ಡಿನಿಂದ ಇವರ ಸಂಬಳ ನಿಂತಿಲ್ಲ. ಆ ಮೆಸೇಜಿನಲ್ಲಿರೋದು ಪ್ಯಾಲೆಸ್ಟೀನ್ ನಿರಾಶ್ರಿತರಿಗೆ ಕೊಡುವ ದುಡ್ಡಿನ ಮಾತು. ಪ್ಯಾಲೆಸ್ಟೀನ್ ನಿರಾಶ್ರಿತರಿಗಾಗಿ ವಿಶ್ವಸಂಸ್ಥೆ 1949ರಲ್ಲಿ ಒಂದು ಸಂಸ್ಥೆ ಮಾಡಿತು, ಯುಎನ್‌ಆರ್‌ಡಬ್ಲ್ಯೂಎ ಅಂತ. 2018ರಿಂದ ನಮ್ಮ ಕೇಂದ್ರ ಸರ್ಕಾರ ಅದಕ್ಕೆ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತಾ ಬಂದಿದೆ. ಹೆಚ್ಚುಕಮ್ಮಿ 42 ಕೋಟಿ ರೂಪಾಯಿ. ವೈನಿಗೆ ಕೊಡಬೇಕಾದ್ದು ರಾಜ್ಯ ಸರ್ಕಾರ. 2025-26ರಲ್ಲಿ ಅದು ಶಿಕ್ಷಣಕ್ಕೆ ತೆಗೆದಿಟ್ಟಿದ್ದು 45,286 ಕೋಟಿ. ಆ 42 ಕೋಟಿಯನ್ನು ಪೂರ್ತಿ ಇಲ್ಲಿಗೇ ತಂದು ಐವತ್ತು ಸಾವಿರ ಅತಿಥಿ ಶಿಕ್ಷಕರಿಗೆ ಹಂಚಿ ನೋಡಿ. ಹತ್ತು ತಿಂಗಳ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ 840 ರೂಪಾಯಿ ಬರುತ್ತದೆ, ಅಷ್ಟೇ.

ಇನ್ನೊಂದು ಮಾತು. ಆ ಸಂಸ್ಥೆಯ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗೋದು ಶಾಲೆಗಳಿಗೇ. ಗಾಜಾ, ವೆಸ್ಟ್ ಬ್ಯಾಂಕ್, ಜೋರ್ಡಾನ್, ಲೆಬನಾನ್, ಸಿರಿಯಾ, ಇಷ್ಟೂ ಕಡೆ ಸೇರಿ ಗಾಜಾ ಯುದ್ಧಕ್ಕೆ ಮೊದಲು 5 ಲಕ್ಷಕ್ಕೂ ಹೆಚ್ಚು ಮಕ್ಕಳು ಅಲ್ಲಿ ಓದುತ್ತಿದ್ದರು. ಅಲ್ಲಿನ ನೌಕರರಲ್ಲಿ ಬಹಳ ಮಂದಿ ಮಾಸ್ತರರೇ, ಅವರೂ ನಿರಾಶ್ರಿತರ ಮನೆಯವರು. ಸಂಸ್ಥೆಯ ಮೇಲೆ ಆರೋಪಗಳು ಬಂದು 2024ರಲ್ಲಿ ಹಲವು ದೇಶಗಳು ದುಡ್ಡು ತಡೆಹಿಡಿದಿದ್ದವು, ಅದು ಬೇರೆ ಚರ್ಚೆ. ಆದರೆ ಒಬ್ಬ ಮಾಸ್ತರರ ಸಂಬಳ ಕಿತ್ತು ಇನ್ನೊಬ್ಬರಿಗೆ ಕೊಡಿ ಅಂತ ನಾವು ಕೇಳಬೇಕಾ? ನನಗೆ ಅದು ಸರಿ ಕಾಣೋದಿಲ್ಲ.

ತೊಂದರೆ ಇರೋದು ನಮ್ಮಲ್ಲೇ. ಕಾಯಂ ಶಿಕ್ಷಕರು ನಿವೃತ್ತಿಯಾದಷ್ಟು ಹೊಸ ನೇಮಕಾತಿ ಆಗುತ್ತಿಲ್ಲ. ಆ ಜಾಗಕ್ಕೆ ಜೂನ್‌ನಲ್ಲಿ ಅತಿಥಿ ಶಿಕ್ಷಕರನ್ನು ತಗೊಂಡು ಮಾರ್ಚ್ ಮುಗಿದ ಮೇಲೆ ಮನೆಗೆ ಕಳಿಸುತ್ತಾರೆ. ಬೇಸಿಗೆ ರಜೆಗೆ ಗೌರವಧನ ಇಲ್ಲ. ಮುಂದಿನ ಜೂನ್‌ನಲ್ಲಿ ಮತ್ತೆ ಹೊಸದಾಗಿ ಅರ್ಜಿ ಹಾಕಬೇಕು. 2025ರ ಬಜೆಟ್ಟಿನಲ್ಲಿ ಗೌರವಧನ ತಿಂಗಳಿಗೆ 2,000 ಹೆಚ್ಚಿಸಿದರು. ಪ್ರಾಥಮಿಕ ಶಾಲೆಯಲ್ಲಿ ಅದು 12,000 ಆಯಿತು, ಅಂದರೆ ದಿನಕ್ಕೆ 400 ರೂಪಾಯಿ. 2025-26ರಲ್ಲಿ ನರೇಗಾ ಕೂಲಿಯೇ ದಿನಕ್ಕೆ 370 ಇತ್ತು. ಡಿಎಡ್ಡು, ಬಿಎಡ್ಡು ಓದಿ, ಟಿಇಟಿ ಪಾಸಾದವರ ಬೆಲೆ ಇಷ್ಟೇನಾ? ಅದೂ ತಿಂಗಳು ತಿಂಗಳು ಕೈಗೆ ಸಿಗೋದಿಲ್ಲ. ಅನುದಾನ ಬಿಡುಗಡೆ ಆಗಬೇಕು, ಬಿಲ್ ಆಗಬೇಕು, ಅಲ್ಲಿವರೆಗೆ ಬಸ್ ಚಾರ್ಜಿಗೂ ಸಾಲ.

ಅದಕ್ಕೇ ಹೇಳ್ತಿದ್ದೇನೆ, ಈ ಸಿಟ್ಟನ್ನು ಸುಮ್ನೆ ಫಾರ್ವರ್ಡ್ ಮಾಡೋದರಲ್ಲಿ ಕಳೆಯೋದು ಬೇಡ. ಚಳಿಗಾಲದ ಅಧಿವೇಶನಕ್ಕೆ ಇಡೀ ಸರ್ಕಾರವೇ ಬೆಳಗಾವಿಗೆ ಬರುತ್ತದೆ. ಸುವರ್ಣಸೌಧದ ಹತ್ತಿರ ಟೆಂಟ್ ಹಾಕಿ ಕೂತು ಕೇಳುವವರಲ್ಲಿ ಅತಿಥಿ ಶಿಕ್ಷಕರೂ ಇರುತ್ತಾರೆ. ನಾವೂ ಹೋಗಿ ಜೊತೆಗೆ ಕೂರೋಣ. ಶಾಸಕರಿಗೆ ನಿಮ್ಮ ಪರಿಚಯ ಇದೆ ಕಾಕಾ. ಗೌರವಧನ ತಿಂಗಳಿಗೊಮ್ಮೆ ಕೊಡಿ, ರಜೆಯದ್ದೂ ಕೊಡಿ ಅಂತ ಸದನದಲ್ಲಿ ಪ್ರಶ್ನೆ ಹಾಕಿಸಿ. ಅರ್ಜಿ ನಾನು ಬರೆಯುತ್ತೇನೆ. ವೈನಿ, ನಿಮಗೆ ಯಾವ ಯಾವ ತಿಂಗಳದ್ದು ಬಾಕಿ ಇದೆ ಅಂತ ರಾತ್ರಿಯೊಳಗೆ ನನಗೆ ಕಳಿಸಿ.