ಕಣ್ಣು ಕಾಣದ ಮೇಷ್ಟ್ರನ್ನ ಊರು ಸುತ್ತಿಸ್ಬೇಕು, ಅನುಭವ ಇದ್ದೋರು ಹೇಳ್ರಿ

ಬೆಣ್ಣೆನಗರಿ:
ನಮಸ್ಕಾರ ಎಲ್ರಿಗೂ. ನಾನು ದಾವಣಗೆರೆಯವನು. ಪಿಯುಸಿಲಿ ನಮಗೆ ಕನ್ನಡ ಪಾಠ ಮಾಡಿದ ಮೇಷ್ಟ್ರಿಗೆ ಈಗ 76, ಕಥೆ ಬರೀತಾರೆ, ಗ್ಲಾಕೋಮಾ ಆಗಿ ಮೂರು ವರ್ಷದಿಂದ ಎರಡೂ ಕಣ್ಣು ಪೂರ್ತಿ ಹೋಗಿದೆ. ಭಾನುವಾರ ನಾನು ಹೋಗ್ತೀನಿ, ಅವರು ಹೇಳ್ತಾರೆ ನಾನು ಬರ್ಕೊಂತೀನಿ, ಒಂದು ಕಾಮಾ ತಪ್ಪಿದ್ರೂ ಓದಿಸಿ ಹಾಕಿಸ್ತಾರೆ. ಈಗ ಅವರಿಗೆ ಊರು ಸುತ್ತೋ ಆಸೆ ಹತ್ತಿದೆ, ಮೊದಲು ಹಂಪಿ, ಆಮೇಲೆ ಕನ್ಯಾಕುಮಾರಿ, ಆಮೇಲೆ ಈಜಿಪ್ಟ್ ಅಂತಾರೆ! ಎಲ್ಲಾ ಬೋರ್ಹೆಸ್ ಪ್ರಭಾವ. ಅರ್ಜೆಂಟೀನಾದ ಆ ಲೇಖಕ 1955ರಲ್ಲಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕ ಆಗೋ ಹೊತ್ತಿಗೇ ಓದೋಕಾಗದಷ್ಟು ಕಣ್ಣು ಹೋಗಿತ್ತು, ಆದ್ರೂ 80 ದಾಟಿದ ಮೇಲೂ ತಮ್ಮ ಒಡನಾಡಿ ಮರಿಯಾ ಕೊಡಾಮ ಜೊತೆ ದೇಶ ದೇಶ ಸುತ್ತಿದ್ರು. ಈಜಿಪ್ಟಲ್ಲಿ ಪಿರಮಿಡ್ ಹತ್ರ ಒಂದು ಹಿಡಿ ಮರಳು ಎತ್ಕೊಂಡು ಸ್ವಲ್ಪ ದೂರ ಹೋಗಿ ಸುರಿದು, ನಾನು ಸಹಾರಾನ ಬದಲಾಯಿಸ್ತಿದೀನಿ ಅಂದ್ರಂತೆ. ಮೇಷ್ಟ್ರಿಗೆ ಆ ಮರಳು ತಲೆ ಬಿಟ್ಟು ಹೋಗ್ತಿಲ್ಲ. ಅವರ ಮನೆಯವರು ಮಾತ್ರ, ಕಾಣದೋರಿಗೆ ಏನ್ ತೋರಿಸ್ತೀಯಪ್ಪಾ, ದುಡ್ಡು ದಂಡ ಅಂತಾರೆ. ಆ ಮಾತು ಅವರ ಎದುರಿಗೇ ಆಡಿದ್ರು, ಅವತ್ತು ಮೇಷ್ಟ್ರು ಏನೂ ಬರೆಸ್ಲಿಲ್ಲ. ಹೆಂಗೆ ಶುರು ಮಾಡ್ಲಿ?

ಕೋಟೆ ಕೆಳಗಿನ ಮನೆ:
ದೂರ ಯಾಕೆ, ಮೊದಲು ನಮ್ಮ ಚಿತ್ರದುರ್ಗಕ್ಕೆ ಕರ್ಕೊಂಡ್ ಬರ್ರಿ. ನಮ್ಮ ಅಜ್ಜನಿಗೂ ಕಣ್ಣಿರಲಿಲ್ಲ, ಕೋಟೆಗೆ ಕರ್ಕೊಂಡು ಹೋಗಿದ್ದೆ. ನಾನು ಮೊದಲು ಮಾಡಿದ ತಪ್ಪು ಅಂದ್ರೆ ಬಾಯಿ ಮುಚ್ಚದೆ ಹೇಳಿದ್ದು, ಇಲ್ಲಿ ಬುರುಜು ಐತೆ, ಅಲ್ಲಿ ದೇವಸ್ಥಾನ ಐತೆ, ಬಣ್ಣ ಹಿಂಗೈತೆ ಅಂತ. ಅಜ್ಜ, ಸುಮ್ನಿರು ಮಗಾ, ಗಾಳಿ ಕೇಳ್ತಾ ಇಲ್ಲ ಅಂದ್ರು. ಆಮೇಲೆ ಮಾತು ಬಿಟ್ಟು ಕೈಗೆ ಕೊಡ್ತಾ ಹೋದೆ. ಗಾರೆ ಇಲ್ದೆ ಕೂರ್ಸಿರೋ ಗೋಡೆ ಕಲ್ಲಿನ ಸಂದಿಗೆ ಉಗುರು ಹಾಕಿ ನೋಡಿದ್ರು, ಸಿಡಿಮದ್ದು ಬೀಸೋ ಕಲ್ಲನ್ನ ಸುತ್ತ ಸವರಿಕೊಂಡು ಬಂದ್ರು. ಓಬವ್ವನ ಕಿಂಡಿ ಹತ್ರ ಎರಡೂ ಕೈ ಚಾಚಿ ಎರಡೂ ಕಡೆ ಬಂಡೆ ಮುಟ್ಟಿ, ಇಷ್ಟೇನಾ ಅಂದ್ರು. ನಾನು ಅದೆಷ್ಟೋ ಸಲ ನೋಡಿದ್ದೀನಿ, ಅದು ಇಷ್ಟೇನಾ ಅಂತ ನನಗೆ ಯಾವತ್ತೂ ಅನ್ಸಿರಲಿಲ್ಲ.

ಪಕ್ಕದ ಚಂದ್ರವಳ್ಳಿ ತಪ್ಪಿಸ್ಬೇಡ್ರಿ. ಅಂಕಲಿ ಮಠದ ಗುಹೆ ಒಳಗೆ ಕತ್ತಲು, ನಾವೆಲ್ಲ ಮೊಬೈಲ್ ಲೈಟ್ ಹುಡುಕ್ತಾ ಎಡವ್ತಿದ್ವಿ, ಅಜ್ಜ ಗೋಡೆ ಮೇಲೆ ಕೈ ಇಟ್ಕೊಂಡು ಮುಂದೆ ಮುಂದೆ ನಡೆದ್ರು, ನಾವು ಅವರ ಹಿಂದೆ.

ರೈಲು ಮಾವ:
ಕೆಲಸದ ಮಾತು ಹೇಳ್ತೀನಿ. ಪೂರ್ತಿ ಕಾಣದವರಿಗೆ ರೈಲಲ್ಲಿ ಸ್ಲೀಪರ್, ಥರ್ಡ್ ಎಸಿಲಿ 75% ರಿಯಾಯಿತಿ, ಫಸ್ಟ್ ಮತ್ತೆ ಸೆಕೆಂಡ್ ಎಸಿಲಿ 50%, ಜೊತೆಗೆ ಹೋಗೋ ಒಬ್ಬರಿಗೂ ಅಷ್ಟೇ ಸಿಗುತ್ತೆ, ಅದಕ್ಕೆ ಬೇಕಾದ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಕೊಳ್ಳಿ. ವಿಮಾನಕ್ಕಾದ್ರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಿ, ಸಹಾಯಕ್ಕೆ ಜನ ಬರ್ತಾರೆ. ಕಣ್ಣಿನ ಡ್ರಾಪ್ಸ್ ಇನ್ನೂ ಹಾಕ್ತಿದ್ರೆ ಕೈ ಬ್ಯಾಗಲ್ಲೇ ಇರ್ಲಿ.

ನಡೆಸುವಾಗ ನೀವು ಅವರ ಕೈ ಹಿಡಿದು ಎಳೀಬೇಡಿ, ಅವರೇ ನಿಮ್ಮ ಮೊಣಕೈ ಮೇಲೆ ಹಿಡ್ಕೊಂಡು ಅರ್ಧ ಹೆಜ್ಜೆ ಹಿಂದೆ ಬರ್ಲಿ. ಮೆಟ್ಟಿಲು ಬಂದಾಗ ನಿಂತು, ಹತ್ತೋದಾ ಇಳಿಯೋದಾ ಹೇಳಿ. ಊಟಕ್ಕೆ ಕೂತಾಗ ತಟ್ಟೆನ ಗಡಿಯಾರ ಮಾಡ್ಕೊಳ್ಳಿ, ಪಲ್ಯ 12 ಗಂಟೆ ಕಡೆ, ಚಟ್ನಿ 3 ಗಂಟೆ ಕಡೆ ಅಂದ್ರೆ ಸಾಕು, ಬೆಣ್ಣೆ ದೋಸೆ ಅವರೇ ತಿಂತಾರೆ.

ಓದೋ ಹುಚ್ಚಿ:
ಬೋರ್ಹೆಸ್ ವಿಷಯಕ್ಕೆ ಒಂದು ಸೇರಿಸ್ತೀನಿ. ಅವರ ಅಪ್ಪನಿಗೂ ಕಣ್ಣು ಹೋಗಿತ್ತು, ಮನೆತನದ ಕಾಯಿಲೆ. ಬೋರ್ಹೆಸ್‌ಗೆ ಓದಿ ಹೇಳೋದು ಬರ್ಕೊಳ್ಳೋದು ವರ್ಷಗಟ್ಟಲೆ ತಾಯಿನೇ ಮಾಡ್ತಿದ್ರು, ಆಯಮ್ಮ 1975ರಲ್ಲಿ 99ನೇ ವಯಸ್ಸಲ್ಲಿ ತೀರ್ಕೊಂಡ್ರು. ಕೊಡಾಮ ಬೋರ್ಹೆಸ್ ಹತ್ರ ಕಲಿತವರು, ನಿಮ್ಮ ಹಾಗೇ. 1984ರಲ್ಲಿ ಬಂದ 'ಅಟ್ಲಾಸ್' ಪುಸ್ತಕದಲ್ಲಿ ಬರಹ ಬೋರ್ಹೆಸ್‌ದು, ಫೋಟೋ ಕೊಡಾಮದು. ಕ್ಯಾಲಿಫೋರ್ನಿಯಾದ ನಾಪಾ ಕಣಿವೆ ಮೇಲೆ ಬಲೂನಲ್ಲಿ ಹಾರಿದ್ದು ಅದರಲ್ಲಿದೆ. ಜೀವನಪೂರ್ತಿ ಹುಲಿ ಬಗ್ಗೆ ಬರೆದ ಮನುಷ್ಯನ ಮುಖಾನ ಒಂದು ನಿಜವಾದ ಹುಲಿ ನೆಕ್ಕಿದ್ದೂ ಇದೆ. ಆ ಹುಲಿಗೆ ವಾಸನೆ ಇತ್ತು, ಭಾರ ಇತ್ತು ಅಂತ ಬರೀತಾರೆ, ನನಗೆ ಕಣ್ಣು ತುಂಬಿ ಬಂತು. ಕಣ್ಣಿದ್ದೋರು ಹುಲಿ ಭಾರ ಬರೀತಿದ್ರಾ? ಅದಕ್ಕೇ ಹೇಳೋದು, ನೀವೂ ಫೋಟೋ ತೆಗೀರಿ. ಮೇಷ್ಟ್ರು ಮುಟ್ಟಿದ್ದು ಅವರ ಪಾಲು, ನೀವು ಕಂಡಿದ್ದು ನಿಮ್ಮ ಪಾಲು. ಮೇಷ್ಟ್ರ ಮಕ್ಕಳ ಹತ್ರಾನೂ ಕೂತು ಮಾತಾಡ್ರಿ, ಕದ್ದು ಮಾಡೋ ಕೆಲಸ ಅಲ್ಲ ಇದು.

ಬೆಣ್ಣೆನಗರಿ:
ಹೋಗಿ ಬಂದ್ವಿ, ಚಂದ್ರವಳ್ಳಿಗೆ ಮಾತ್ರ, ಕೋಟೆ ಹತ್ತೋಕೆ ಮೊಣಕಾಲು ಬಿಡ್ಲಿಲ್ಲ. ದೊಡ್ಡ ಮಗ ತಾನೇ ಕಾರಲ್ಲಿ ಬಿಟ್ಟ. ಮೇಷ್ಟ್ರು ಕೆರೆ ಹತ್ರ ಚಪ್ಪಲಿ ಬಿಟ್ಟು ತುಂಬಾ ಹೊತ್ತು ನಿಂತಿದ್ರು, ನಾನು ಮಾತಾಡ್ಲಿಲ್ಲ. ಬರುವಾಗ ಕಾರಲ್ಲೇ ಬರ್ಕೋ ಅಂದ್ರು, ದಾವಣಗೆರೆ ಬರೋವರೆಗೂ ಹೇಳ್ತಾನೇ ಇದ್ರು, ನನ್ನ ಪೆನ್ನು ಮುಗಿದು ಮಗ ತನ್ನ ಪೆನ್ನು ಕೊಟ್ಟ. ಹಂಪಿ ಮುಂದಿನ ತಿಂಗಳು. ಈಜಿಪ್ಟಿಗೆ ವಯಸ್ಸಾದವರನ್ನ ಕರ್ಕೊಂಡು ಹೋಗಿ ಬಂದವರು ಯಾರಾದ್ರೂ ಇದ್ರೆ, ಎಷ್ಟು ಖರ್ಚು ಬರುತ್ತೆ ಹೇಳ್ರಿ, ಈಗಿಂದ್ಲೇ ಕೂಡಿಸ್ತೀವಿ.