ಟಾಂಗ್ರಾ ಸಂಜೆಯೋ, ಟಿರೆಟ್ಟಾ ಬೆಳಿಗ್ಗೆಯೋ?

ಪುಟ್ಟ: (ಫೋನಿನಲ್ಲಿ ರೀಲ್ ನೋಡುತ್ತಾ) ‘ಕಡಿಮೆ ಖರ್ಚಿನಲ್ಲಿ ಕೋಲ್ಕತ್ತಾ ಚೈನಾಟೌನ್’ ಅಂತೆ. ಡಿಸೆಂಬರ್‌ನಲ್ಲಿ ಹೀಗೇ ಮಾಡುತ್ತೇನೆ. ಸಂಜೆ ಚೀನೀ ಹೋಟೆಲ್‌ಗಳಿರುವ ಟಾಂಗ್ರಾ ಬಡಾವಣೆ, ಅಲ್ಲೇ ಊಟ, ವಾಪಸ್.

ಅಕ್ಕ: ಈ ರೀಲ್ ನಂಬಬೇಡ ಪುಟ್ಟಾ. ಟಾಂಗ್ರಾ ಹೋಟೆಲ್‌ಗಳಲ್ಲಿ ಒಬ್ಬನೇ ಕೂತರೆ ಪ್ಲೇಟೂ ಮುಗಿಯುವುದಿಲ್ಲ, ದುಡ್ಡೂ ಜಾಸ್ತಿ. ಭಾನುವಾರ ಬೆಳಕು ಹರಿಯುವಾಗಲೇ ಟಿರೆಟ್ಟಾ ಬಜಾರ್‌ಗೆ ಹೋಗು. ಅದು ಅಲ್ಲಿಯ ಹಳೇ ಚೈನಾಟೌನ್, ಬೀದಿಯಲ್ಲೇ ಚೀನೀ ತಿಂಡಿ ಮಾರುತ್ತಾರೆ. ಮೆಟ್ರೋ ಅಷ್ಟು ಬೇಗ ಇರುವುದಿಲ್ಲ. ಸಡ್ಡರ್ ಸ್ಟ್ರೀಟ್‌ನಲ್ಲಿ ಉಳಿದುಕೊಂಡರೆ ನಡೆದೇ ಹೋಗಬಹುದು.

ಚಿಕ್ಕಪ್ಪ: ನಾನು ನೋಡಿದ್ದೇನಮ್ಮ. ಪೊದ್ದಾರ್ ಕೋರ್ಟ್ ಪಕ್ಕದ ರಸ್ತೆ. ನಾಲ್ಕು ಜನ ಪಾತ್ರೆ ಇಟ್ಟುಕೊಂಡು ಕೂತಿರುತ್ತಾರೆ. ಅವರಲ್ಲಿ ಚೀನೀಯರೇ ಕಡಿಮೆ. ಅಷ್ಟಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಾ?

ಅಕ್ಕ: ಕಡಿಮೆ ಆದದ್ದು ಯಾಕೆ ಚಿಕ್ಕಪ್ಪ? 1962ರಲ್ಲಿ ಚೀನಾ ಜೊತೆ ಯುದ್ಧ ಶುರುವಾದ ಮೇಲೆ ಅಸ್ಸಾಂ, ಬಂಗಾಳದ ಕಡೆಯ ಚೀನೀ ಮನೆತನದವರನ್ನು ಹಿಡಿದು ರಾಜಸ್ಥಾನದ ದೇವಲಿ ಬಂಧನ ಶಿಬಿರಕ್ಕೆ ಕಳಿಸಿದರು. ಸುಮಾರು 3,000 ಜನ. ಇಲ್ಲೇ ಹುಟ್ಟಿದವರು, ಮಕ್ಕಳು, ಮುದುಕರು ಎಲ್ಲರೂ. ಕೆಲವರು ವರ್ಷಗಟ್ಟಲೆ ಅಲ್ಲೇ ಇದ್ದರು. ಆಮೇಲೆ ಎಷ್ಟೋ ಕುಟುಂಬಗಳು ಕೆನಡಾಕ್ಕೆ ಹೊರಟುಹೋದವು. ಇಷ್ಟಾದರೂ ಉಳಿದವರು ಆ ಬೀದಿಯನ್ನು ಬಿಟ್ಟಿಲ್ಲ. ನನಗೆ ಅದು ದೊಡ್ಡ ವಿಷಯ.

ಅಮ್ಮ: ಇವನು ಹಂದಿ ತಿನ್ನುವುದಿಲ್ಲ. ಉಪವಾಸ ಬರಬೇಕಾ?

ಅಕ್ಕ: ಚಿಕನ್ ಮೊಮೊ, ಮೀನಿನ ಉಂಡೆ ಹಾಕಿದ ಸೂಪ್ ಸಿಗುತ್ತದಮ್ಮ. ಯಾವುದರಲ್ಲಿ ಏನಿದೆ ಅಂತ ಮೊದಲೇ ಕೇಳಲಿ. ತಿಂದು ಸೀ ಇಪ್ ಚರ್ಚ್‌ಗೆ ಹೋಗಲಿ. ಅಲ್ಲಿ ಚೀನೀ ಗುಡಿಗಳಿಗೇ ಚರ್ಚ್ ಅನ್ನುತ್ತಾರೆ. 1905ರದ್ದು, ಕ್ವಾನ್ ಯಿನ್ ದೇವಿಯದು. ಟಿಕೆಟ್ ಇಲ್ಲ.

ಚಿಕ್ಕಪ್ಪ: ಸರಿ, ಆದರೆ ಟಾಂಗ್ರಾ ಬೇಡವೇ ಬೇಡ ಅನ್ನಬೇಡ. ಹಕ್ಕಾ ಅನ್ನುವ ಚೀನೀ ಸಮುದಾಯದ ಜನ ಅಲ್ಲಿ ಚರ್ಮ ಹದ ಮಾಡುತ್ತಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಕಾರ್ಖಾನೆಗಳನ್ನು ಸ್ಥಳಾಂತರಿಸಲು ಹೇಳಿತು. ಹೋಟೆಲ್‌ಗಳೇ ಎಷ್ಟೋ ಮನೆಗಳಿಗೆ ಆಧಾರವಾದವು. ಅದೂ ಅವರ ದುಡಿಮೆಯೇ ಅಲ್ವಾ?

ಅಕ್ಕ: ಹೌದು ಚಿಕ್ಕಪ್ಪ, ಅದಕ್ಕೆ ನನ್ನ ತಕರಾರಿಲ್ಲ. ರೀಲ್‌ನವರು ಅದನ್ನೊಂದೇ ಚೈನಾಟೌನ್ ಅಂದರಲ್ಲ, ಅದಕ್ಕೆ ಸಿಟ್ಟು. ಪುಟ್ಟಾ, ಹಗಲಲ್ಲೇ ಟಾಂಗ್ರಾಕ್ಕೆ ಹೋಗು. ಅಲ್ಲಿ ಚೀನೀ ಕಾಳಿ ಗುಡಿ ಇದೆ, ನೂಡಲ್ಸ್ ನೈವೇದ್ಯ ಮಾಡುತ್ತಾರೆ. ಊಟಕ್ಕೆ ಜೊತೆಗಾರರು ಸಿಕ್ಕರೆ ಹಂಚಿಕೊಂಡು ತಿನ್ನಿ. ಮತ್ತೆ ಬಜಾರ್‌ನಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡ. ಕೇಳದೆ ಯಾರ ಮುಖದ ಫೋಟೋನೂ ತೆಗೆಯಬೇಡ. ಕೈ ಬಿಗಿ ಇರುವುದು ನಿನಗೆ, ಅದರ ಭಾರ ಅವರ ಮೇಲೆ ಬೇಡ.

ಪುಟ್ಟ: ಆಯ್ತು ಅಕ್ಕ. ಹಾಗಾದರೆ ಶನಿವಾರ ಸಂಜೆಯೊಳಗೆ ಹೌರಾ ತಲುಪುವ ರೈಲು ನೋಡುತ್ತೇನೆ.