ಐ3 ಬಿಟ್ಟು ಸ್ವೇಗೆ ಬಂದೆ, ವಿಂಡೋ ರೂಲ್ ಒಂದೂ ಹಿಡಿಯುತ್ತಿಲ್ಲ

ಪ್ರಶ್ನೆ:
ಎರಡು ವರ್ಷದಿಂದ ಲಿನಕ್ಸಿನಲ್ಲಿ ವಿಂಡೋಗಳನ್ನು ಜೋಡಿಸಿಡುವ ಐ3 ಬಳಸುತ್ತಿದ್ದೆ. ಕಳೆದ ವಾರ ಅದರಂತೆಯೇ ಇರುವ, ಆದರೆ ವೇಲ್ಯಾಂಡಿನಲ್ಲಿ ಓಡುವ ಸ್ವೇ ಹಾಕಿಕೊಂಡು, ಹಳೆಯ ಕಾನ್ಫಿಗ್ ಫೈಲನ್ನೇ ಕಾಪಿ ಮಾಡಿದೆ. ಶಾರ್ಟ್‌ಕಟ್‌ಗಳೆಲ್ಲ ಸರಿ ಇವೆ. ಆದರೆ ವಾಲ್ಯೂಮ್ ಹೊಂದಿಸುವ ಪಾವುಕಂಟ್ರೋಲ್ ಚಿಕ್ಕದಾಗಿ ತೇಲುವುದು ಬಿಟ್ಟು ಅರ್ಧ ಸ್ಕ್ರೀನ್ ನುಂಗಿ ಕೂರುತ್ತದೆ. ಫೈರ್‌ಫಾಕ್ಸಿನ ಪಿಕ್ಚರ್-ಇನ್-ಪಿಕ್ಚರ್ ವಿಂಡೋದ್ದೂ ಅದೇ ಕತೆ. ಫಾರ್_ವಿಂಡೋ (ಇಂಥ ವಿಂಡೋ ಬಂದರೆ ಹೀಗೆ ಮಾಡು ಅನ್ನುವ) ಸಾಲಿನಲ್ಲಿ ಕ್ಲಾಸ್, ಅಂದರೆ ಆ್ಯಪ್‌ನ ಗುರುತಿನ ಹೆಸರು ಕೊಟ್ಟು, ಮುಂದೆ ಫ್ಲೋಟಿಂಗ್ ಎನೇಬಲ್ ಅಂತ ಬರೆದಿದ್ದೇನೆ. ಹತ್ತು ಸಲ ರೀಲೋಡ್ ಮಾಡಿದೆ. ಒಂದು ಎರರ್ ಕೂಡ ಇಲ್ಲ!

ಉತ್ತರ:
ಎರರ್ ಹೇಗೆ ಬರುತ್ತದೆ? ಸಾಲು ಸರಿಯಾಗೇ ಇದೆ. ಅದಕ್ಕೆ ಹೊಂದುವ ವಿಂಡೋ ಇಲ್ಲ, ಅಷ್ಟೆ.

ವಿಂಡೋಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ ಎಕ್ಸ್11, ಹೊಸದು ವೇಲ್ಯಾಂಡ್. ಕ್ಲಾಸ್ ಅನ್ನುವುದು ಎಕ್ಸ್11 ಕಡೆಯ ಹೆಸರು. ನೇರವಾಗಿ ವೇಲ್ಯಾಂಡಿನಲ್ಲಿ ಓಡುವ ವಿಂಡೋಗೆ ಅದು ಇರುವುದೇ ಇಲ್ಲ, ಬದಲಿಗೆ ಆ್ಯಪ್_ಐಡಿ ಇರುತ್ತದೆ. ಫೈರ್‌ಫಾಕ್ಸ್ ಕೂಡ 2023ರ ಡಿಸೆಂಬರಿನ 121ನೇ ಆವೃತ್ತಿಯಿಂದ ತಾನಾಗಿಯೇ ವೇಲ್ಯಾಂಡ್ ಹಿಡಿಯುತ್ತದೆ.

ವಿಂಡೋದ ಕ್ಲಾಸ್ ನೋಡಲು ಐ3ಯಲ್ಲಿ ಬಳಸುವ ಎಕ್ಸ್‌ಪ್ರಾಪ್ ಇಲ್ಲಿ ನಡೆಯುವುದಿಲ್ಲ, ವೇಲ್ಯಾಂಡ್ ವಿಂಡೋಗಳು ಅದಕ್ಕೆ ಕಾಣುವುದೇ ಇಲ್ಲ. ಆ ವಿಂಡೋ ತೆರೆದಿಟ್ಟುಕೊಂಡು, ಟರ್ಮಿನಲ್ಲಿನಲ್ಲಿ ಸ್ವೇಎಂಎಸ್‌ಜಿಗೆ (ಸ್ವೇ ಜೊತೆ ಮಾತಾಡುವ ಕಮಾಂಡ್) -t ಹಾಕಿ ಗೆಟ್_ಟ್ರೀ ಕೊಡಿ. ಮಾರುದ್ದ ಬರುತ್ತದೆ, ಗಾಬರಿ ಬೇಡ. ನಿಮ್ಮ ವಿಂಡೋ ಹೆಸರು ಹುಡುಕಿ, ಅಲ್ಲೇ ಹತ್ತಿರ ಶೆಲ್ ಯಾವುದು ಅಂತ ನೋಡಿ. ಎಕ್ಸ್‌ವೇಲ್ಯಾಂಡ್ (ಎಕ್ಸ್11 ಆ್ಯಪ್‌ಗಳನ್ನು ವೇಲ್ಯಾಂಡಿನಲ್ಲಿ ಓಡಿಸುವ ಸೇತುವೆ) ಅಂತಿದ್ದರೆ ಹಳೆಯ ಕ್ಲಾಸೇ ನಡೆಯುತ್ತದೆ. ಎಕ್ಸ್‌ಡಿಜಿ_ಶೆಲ್ (ನೇರ ವೇಲ್ಯಾಂಡ್) ಅಂತಿದ್ದರೆ ಆ್ಯಪ್_ಐಡಿ ಬೇಕು. ಪಿಕ್ಚರ್-ಇನ್-ಪಿಕ್ಚರ್‌ಗೆ ಅದರ ಜೊತೆ ಟೈಟಲ್ ಕೂಡ ಸೇರಿಸಿ, ಇಲ್ಲದಿದ್ದರೆ ಇಡೀ ಬ್ರೌಸರ್ ತೇಲಲು ಶುರುವಾಗುತ್ತದೆ.

ಪ್ರಶ್ನೆ ಕೇಳಿದವರು:
ಫೈರ್‌ಫಾಕ್ಸ್ ಸರಿಹೋಯಿತು, ಥ್ಯಾಂಕ್ಸ್. ಪಾವುಕಂಟ್ರೋಲ್ ಮಾತ್ರ ಜಪ್ಪಯ್ಯ ಅಂದರೂ ಕೇಳುತ್ತಿಲ್ಲ. ಕ್ಲಾಸ್ ತೆಗೆದು ಆ್ಯಪ್_ಐಡಿ ಹಾಕಿದ್ದೇನೆ. ಹೆಸರು ಮೊದಲಿನಂತೆಯೇ ಕ್ಯಾಪಿಟಲ್ ಪಿ ಇಂದ ಶುರುವಾಗುತ್ತದೆ. ಟ್ರೀನಲ್ಲಿ ಓಆರ್‌ಜಿ ಡಾಟ್ ಪಲ್ಸ್‌ಆಡಿಯೋ ಡಾಟ್ ಪಾವುಕಂಟ್ರೋಲ್ ಅಂತ ಕಾಣುತ್ತಿದೆ. ಪೂರ್ತಿ ಹೆಸರು ಬರೆಯಬೇಕಾ?

ಉತ್ತರ:
ಬೇಕಿಲ್ಲ. ಅದು ರೆಜೆಕ್ಸ್ (ಹುಡುಕುವ ಮಾದರಿ), ಹೆಸರಿನ ಒಂದು ತುಂಡು ಸಿಕ್ಕರೂ ಸಾಕು. ತಪ್ಪಿರುವುದು ಆ ಪಿ. ಟ್ರೀನಲ್ಲಿ ಅದು ಸ್ಮಾಲ್ ಲೆಟರ್ ಅಲ್ವಾ? ಎಕ್ಸ್11 ಕ್ಲಾಸಿನಲ್ಲಿ ಕ್ಯಾಪಿಟಲ್ ಇತ್ತು, ಇಲ್ಲಿಲ್ಲ. (ಕನ್ನಡದಲ್ಲಿ ಕಾನ್ಫಿಗ್ ಬರೆಯುವಂತಿದ್ದರೆ ಈ ಕಾಟವೇ ಇರುತ್ತಿರಲಿಲ್ಲ.)

ಇನ್ನೊಂದು ಮಾತು. ಸುಮ್ನೆ ರೀಲೋಡ್ ಮಾಡುತ್ತಾ ಕೂರಬೇಡಿ. ಆಗಲೇ ತೆರೆದಿರುವ ವಿಂಡೋ ರೀಲೋಡ್ ಮಾಡಿದ ಮಾತ್ರಕ್ಕೆ ತೇಲುವುದಿಲ್ಲ, ಮುಚ್ಚಿ ಮತ್ತೆ ತೆರೆಯಬೇಕು. ಅದಕ್ಕಿಂತ ಸುಲಭದ ದಾರಿ ಇದೆ. ಚೌಕ ಬ್ರಾಕೆಟ್ಟಿನ ಷರತ್ತು, ಮುಂದೆ ಫ್ಲೋಟಿಂಗ್ ಎನೇಬಲ್, ಎರಡನ್ನೂ ಒಂದೇ ಕೋಟ್ಸ್ ಒಳಗೆ ಹಾಕಿ ಸ್ವೇಎಂಎಸ್‌ಜಿಗೆ ಕೊಡಿ. ಹೊಂದಿದರೆ ವಿಂಡೋ ಕಣ್ಣೆದುರೇ ತೇಲುತ್ತದೆ. ಇಲ್ಲದಿದ್ದರೆ ‘ನೋ ಮ್ಯಾಚಿಂಗ್ ನೋಡ್’ ಅನ್ನುತ್ತದೆ. ಸರಿ ಬಂದ ಮೇಲೆ ಕಾನ್ಫಿಗ್‌ಗೆ ಹಾಕಿ.

ಪ್ರಶ್ನೆ ಕೇಳಿದವರು:
ಆಯಿತು, ತೇಲಿತು! ಕೊನೆಯದೊಂದು. ಹಾಡು ಕೇಳುವ ಒಂದು ಆ್ಯಪ್ ಅನ್ನು ಅಸೈನ್ ಬಳಸಿ 9ನೇ ವರ್ಕ್‌ಸ್ಪೇಸಿಗೆ ಕಟ್ಟಿದ್ದೇನೆ. ಅದು ನಾನಿರುವ ಕಡೆಯೇ ತೆರೆದುಕೊಳ್ಳುತ್ತದೆ. ಟ್ರೀನಲ್ಲಿ ಎಕ್ಸ್‌ವೇಲ್ಯಾಂಡ್ ಅಂತಿದೆ, ಕ್ಲಾಸ್ ಹೆಸರೂ ಅಕ್ಷರಕ್ಕೆ ಅಕ್ಷರ ಸರಿ ಇದೆ.

ಉತ್ತರ:
ಕೆಲವು ಆ್ಯಪ್‌ಗಳು ಮೊದಲು ವಿಂಡೋ ತೆರೆದು, ಆಮೇಲೆ ನಿಧಾನವಾಗಿ ಹೆಸರು ಹೇಳುತ್ತವೆ. ಅಸೈನ್ ನೋಡುವುದು ತೆರೆದ ಕ್ಷಣದಲ್ಲಿ ಒಂದೇ ಸಲ, ಆಗ ಹೆಸರು ಖಾಲಿ. ಫಾರ್_ವಿಂಡೋ ಹಾಗಲ್ಲ, ಕ್ಲಾಸ್ ಅಥವಾ ಟೈಟಲ್ ಬದಲಾದಾಗ ಮತ್ತೆ ನೋಡುತ್ತದೆ. ಅಸೈನ್ ಅಳಿಸಿ, ಫಾರ್_ವಿಂಡೋಗೆ ಅದೇ ಕ್ಲಾಸ್ ಕೊಟ್ಟು ಮೂವ್ ಟು ವರ್ಕ್‌ಸ್ಪೇಸ್ 9 ಅಂತ ಬರೆಯಿರಿ. ಅರೆಕ್ಷಣ ಇಲ್ಲಿ ಮಿಂಚಿ ಅಲ್ಲಿಗೆ ಹೋಗುತ್ತದೆ. ನಾನಂತೂ ಅದಕ್ಕೆ ಒಗ್ಗಿಕೊಂಡಿದ್ದೇನೆ.